ಎಂಟು ಜನರ ಚೀಟಿಯಲ್ಲಿ ಒಬ್ಬರ ಬೈಪಾಸ್

ಮಾರ್ಚ್ ಬಂತೆಂದರೆ ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡುಗಳಲ್ಲಿ ಎರಡು ಕಾಗದ ಒಟ್ಟಿಗೇ ಮೇಜಿನ ಮೇಲೆ ಬಂದು ಕೂರುತ್ತವೆ. ಒಂದು, ಏಪ್ರಿಲ್‌ನಿಂದ ಯಾರಿಗೆ ಎಷ್ಟು ಸಂಬಳ ಜಾಸ್ತಿ ಅನ್ನುವ ಪಟ್ಟಿ. ಇನ್ನೊಂದು, ಕೆಲಸಗಾರರ ಆರೋಗ್ಯ ವಿಮೆ ನವೀಕರಣದ ಕೊಟೇಶನ್. ಸಣ್ಣ ಘಟಕಗಳ ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ), ಪಿಎಫ್ (ಭವಿಷ್ಯ ನಿಧಿ) ಲೆಕ್ಕ ಬರೆಯುವುದು ನನ್ನ ಕಸುಬು. ಹಾಗಾಗಿ ಎರಡನ್ನೂ ಮಾಲೀಕರ ಎದುರು ಕೂತು ಓದುವ ಪಾಳಿ ನನ್ನದೇ.

ಈ ಸಲ ಓದಿದ್ದು ಹದಿನೇಳು ಜನ ಕೆಲಸಕ್ಕಿರುವ ಒಂದು ಮೆಷಿನ್ ಶಾಪಿನ ಕಾಗದ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಅವರದು. ಹದಿನೇಳರಲ್ಲಿ ಹನ್ನೊಂದು ಜನ ಇಎಸ್‌ಐ ಒಳಗಿದ್ದಾರೆ. ಉಳಿದ ಆರು ಜನರ ಸಂಬಳ 21,000 ದಾಟಿದೆ, ಅವರಿಗೆ ಇಎಸ್‌ಐ ಇಲ್ಲ. ಅವರಿಗಾಗಿ ಹೋದ ವರ್ಷ ಗ್ರೂಪ್ ಪಾಲಿಸಿ ಮಾಡಿಸಿದ್ದರು. ಏಳು ಜನರಾದರೂ ಇಲ್ಲದಿದ್ದರೆ ಸಾಮಾನ್ಯವಾಗಿ ಯಾವ ಕಂಪನಿಯೂ ಗ್ರೂಪ್ ಅಂತ ಒಪ್ಪುವುದಿಲ್ಲ. ಆದ್ದರಿಂದ ಮಾಲೀಕರೂ ಅವರ ತಮ್ಮನೂ ಸೇರಿ ಎಂಟು ಮಾಡಿದರು. ಒಂದೊಂದು ಕುಟುಂಬಕ್ಕೆ 3 ಲಕ್ಷದ ಕವರ್. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ: ಪ್ರೀಮಿಯಂ 80,000, ಅದರ ಮೇಲೆ ಜಿಎಸ್‌ಟಿ 14,400, ಒಟ್ಟು 94,400 ರೂಪಾಯಿ.

ದೀಪಾವಳಿಯ ಹೊತ್ತಿಗೆ ಹಿರಿಯ ಟರ್ನರ್ ಒಬ್ಬರಿಗೆ ಎದೆನೋವು ಬಂತು. ಬೈಪಾಸ್ ಆಯಿತು. ವಿಮಾ ಕಂಪನಿ 2,60,000 ಕಟ್ಟಿತು. ತಕರಾರಿಲ್ಲದೆ ಕಟ್ಟಿತು, ಅದನ್ನು ಹೇಳಲೇಬೇಕು. ಈಗ ಬಂದಿರುವ ಕೊಟೇಶನ್ನಿನಲ್ಲಿ ಪ್ರೀಮಿಯಂ 1,50,000. ಜಿಎಸ್‌ಟಿ ಸೇರಿ 1,77,000.

'ಒಬ್ರಿಗೆ ಹುಷಾರು ತಪ್ಪಿದ್ದಕ್ಕೆ ಎಂಟೂ ಜನಕ್ಕೆ ದಂಡ ಹಾಕವ್ರಲ್ಲ ಸಾರ್' ಅಂದರು ಮಾಲೀಕರು.

ದಂಡ ಅಲ್ಲ ಅದು, ಚೀಟಿಯ ಲೆಕ್ಕ. ವಿಮೆ ಅಂದರೆ ಕೊನೆಗೂ ಒಂದು ಚೀಟಿಯೇ. ಎಲ್ಲರೂ ತಿಂಗಳು ತಿಂಗಳು ಹಾಕುತ್ತಾರೆ, ಕಷ್ಟ ಬಂದವರು ಎತ್ತಿಕೊಳ್ಳುತ್ತಾರೆ, ಕಷ್ಟ ಬಾರದವರು ಹಾಕಿದ್ದನ್ನು ಮರೆತು ನೆಮ್ಮದಿಯಾಗಿರುತ್ತಾರೆ. ಎಂಟು ಸಾವಿರ ಜನರ ಚೀಟಿಯಲ್ಲಿ ಈ ವರ್ಷ ಎಷ್ಟು ಜನರಿಗೆ ಹೃದಯದ ಆಪರೇಷನ್ ಆದೀತು ಅಂತ ಕಂಪನಿಯ ಲೆಕ್ಕಿಗರು ಹೆಚ್ಚುಕಡಿಮೆ ಸರಿಯಾಗಿಯೇ ಊಹಿಸುತ್ತಾರೆ. ಎಂಟು ಜನರ ಚೀಟಿಯಲ್ಲಿ ಊಹೆಗೆ ಜಾಗವೇ ಇಲ್ಲ. ಒಂದೋ ಯಾರಿಗೂ ಏನೂ ಆಗುವುದಿಲ್ಲ, ಇಲ್ಲಾ ಒಬ್ಬರಿಗೆ ಆಗಿ ಕಟ್ಟಿದ್ದರ ಮೂರೂಕಾಲು ಪಟ್ಟು ಹೊರಗೆ ಹೋಗುತ್ತದೆ. ಇಂಥ ಕಡೆ ಕಂಪನಿ ಮುಂದಿನ ವರ್ಷದ ದರ ಏರಿಸಿ ಕೈ ತೊಳೆದುಕೊಳ್ಳುತ್ತದೆ. ಅದೇ ಹೆಬ್ಬಾಳಿನಲ್ಲಿ, ಎರಡು ರಸ್ತೆ ಆಚೆಗೆ, ಸಾವಿರಾರು ಹುಡುಗರು ಕೆಲಸ ಮಾಡುವ ಸಾಫ್ಟ್‌ವೇರ್ ಕ್ಯಾಂಪಸ್ಸಿನ ಪಾಲಿಸಿಗೆ ಒಂದು ಬೈಪಾಸ್ ಅಂದರೆ ಕೆರೆಯಿಂದ ಒಂದು ಕೊಡ ನೀರು ಮೊಗೆದಷ್ಟೇ.

ಸಣ್ಣ ಮಾಲೀಕರ ಬಗ್ಗೆ 'ಕೆಲಸಗಾರರ ಮೇಲೆ ಕನಿಕರ ಇಲ್ಲ, ಕಾಸು ಬಿಚ್ಚಲ್ಲ' ಅನ್ನುವ ಮಾತು ಸುಲಭವಾಗಿ ಬರುತ್ತದೆ. ಅಂಥವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಇಪ್ಪತ್ತು ಕಡೆ ಲೆಕ್ಕ ನೋಡಿದ ಮೇಲೆ ನನಗೆ ಕಾಣುವುದು ಬೇರೆ. ಅವರಿಗೆ ದುಬಾರಿಯಾಗಿರುವುದು ವಿಮೆಗಿಂತ ಹೆಚ್ಚಾಗಿ ಅವರ ಸಣ್ಣತನ, ಅಂದರೆ ತಲೆಯೆಣಿಕೆ. ಆ ತಲೆಯೆಣಿಕೆಯನ್ನು ದೊಡ್ಡದು ಮಾಡಿಕೊಡಬೇಕಾದ ಕಾನೂನುಗಳೋ, ಅಲ್ಲಲ್ಲಿ ಗೆರೆ ಎಳೆದು ಜನರನ್ನು ತುಂಡು ತುಂಡು ಮಾಡಿ ಇಟ್ಟಿವೆ.

ಮೈಸೂರಿಗೆ ಈ ಚೀಟಿಯ ಲೆಕ್ಕ ಹೊಸದೇನಲ್ಲ. ತನ್ನ ನೌಕರರಿಗಾಗಿ ಮೈಸೂರು ಸಂಸ್ಥಾನ 1891ರಲ್ಲೇ ವಿಮಾ ಇಲಾಖೆ ತೆರೆದಿತ್ತು. ಇವತ್ತಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದರ ಮುಂದುವರಿಕೆ. ಅದು ಜೀವವಿಮೆ, ಆರೋಗ್ಯದ್ದಲ್ಲ, ನಿಜ. ಆದರೂ ಎಲ್ಲರನ್ನೂ ಒಂದೇ ಪಟ್ಟಿಗೆ ಹಾಕಿದರೆ ತಲಾ ಬೀಳುವ ಹೊರೆ ಇಳಿಯುತ್ತದೆ ಅನ್ನುವ ಅರಿವು ಸರ್ಕಾರಿ ನೌಕರರ ಮಟ್ಟಿಗೆ ಆಗಲೇ ಇತ್ತು.

ಮತ್ತೆ ಕೊಟೇಶನ್ನಿಗೆ ಬರೋಣ. ಅದರಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಜಿಎಸ್‌ಟಿ ಸಾಲು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ತಮಗೂ ತಮ್ಮ ಮನೆಯವರಿಗೂ ಮಾಡಿಸುವ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. 18ರಿಂದ ಸೊನ್ನೆಗೆ ಇಳಿಯಿತು. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಗ್ರೂಪ್ ಪಾಲಿಸಿಗೆ ಮಾತ್ರ 18 ಹಾಗೇ ಉಳಿಯಿತು. ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸು ತೆಗೆದುಕೊಳ್ಳೋಣ ಅಂದರೆ, ಕಾನೂನು ಕಡ್ಡಾಯ ಮಾಡದ ವಿಮೆಗೆ ಆ ಕ್ರೆಡಿಟ್ ಸಿಗುವುದಿಲ್ಲ. ಅಂದರೆ ಮೈಸೂರಿನ ಒಬ್ಬ ಡಾಕ್ಟರು ತಮ್ಮ ಮನೆಗೆ ವಿಮೆ ಮಾಡಿಸಿದರೆ ತೆರಿಗೆ ಸೊನ್ನೆ. ಅದೇ ಡಾಕ್ಟರು ತಮ್ಮ ಕ್ಲಿನಿಕ್ಕಿನ ಏಳೆಂಟು ನರ್ಸು, ಆಯಾಗಳಿಗೆ ಗ್ರೂಪ್ ಪಾಲಿಸಿ ಮಾಡಿಸಿದರೆ ನೂರಕ್ಕೆ 18. ಇದರ ಹಿಂದಿನ ತರ್ಕ ಏನೆಂದು ನನಗೆ ಇನ್ನೂ ಹೊಳೆದಿಲ್ಲ. ಬ್ಯಾಂಕಿನ ಮೂಲಕ ಕಟ್ಟಿದ ಪ್ರೀಮಿಯಂ ವ್ಯಾಪಾರದ ಖರ್ಚಾಗಿ ಆದಾಯ ತೆರಿಗೆಯಲ್ಲಿ ಕಳೆಯುತ್ತದೆ ಅನ್ನುವುದೊಂದೇ ಸಮಾಧಾನ.

ಹಾಗಾದರೆ ಎಲ್ಲರೂ ಅವರವರೇ ಫ್ಯಾಮಿಲಿ ಪಾಲಿಸಿ ಮಾಡಿಸಿಕೊಳ್ಳಲಿ, ದುಡ್ಡು ಮಾಲೀಕರು ಕೊಡಲಿ ಅನ್ನಬಹುದು. ಇಪ್ಪತ್ತೆಂಟರ ಹುಡುಗನಿಗೆ ಅದು ಒಳ್ಳೆಯ ದಾರಿಯೇ. ಐವತ್ತೆರಡರ, ಸಕ್ಕರೆ ಕಾಯಿಲೆಯ ಟರ್ನರಿಗೆ ಅಲ್ಲ. ಮೊದಲೇ ಇದ್ದ ಕಾಯಿಲೆಗೆ ವೈಯಕ್ತಿಕ ಪಾಲಿಸಿಯಲ್ಲಿ 3 ವರ್ಷದವರೆಗೂ ಕಾಯಿಸಬಹುದು. 2024ರವರೆಗೆ ಅದು 4 ವರ್ಷ ಇತ್ತು. ಗ್ರೂಪ್ ಪಾಲಿಸಿಯ ದೊಡ್ಡ ಗುಣವೇ, ಸಾಮಾನ್ಯವಾಗಿ ಅಲ್ಲಿ ಕಾಯುವ ಮಾತಿಲ್ಲ, ಮೊದಲ ದಿನದಿಂದಲೇ ಹಳೆಯ ಕಾಯಿಲೆಗೂ ಕವರ್ ಉಂಟು. ದೋಷವೂ ಅಲ್ಲೇ ಇದೆ, ಕೆಲಸ ಬಿಟ್ಟ ದಿನ ಕವರೂ ಬಿಡುತ್ತದೆ. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗ ಮಾಡಿಸಿಕೊಳ್ಳಲು ಅರ್ಜಿ ಹಾಕುವ ಅವಕಾಶ ಇದೆ. ಆದರೆ ಕಂಪನಿ ಒಪ್ಪಬೇಕು. ಅಂಥದ್ದೊಂದು ಅವಕಾಶ ಇದೆ ಅಂತ ಕೆಲಸಗಾರನಿಗೆ ಗೊತ್ತಿರುವುದೇ ಅಪರೂಪ.

ಕೊಟೇಶನ್ನಿನ ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಇರುತ್ತದೆ, ಯಾರೂ ಓದುವುದಿಲ್ಲ: ರೂಮ್ ಬಾಡಿಗೆ ವಿಮಾ ಮೊತ್ತದ ಶೇ. 1. ಪ್ರೀಮಿಯಂ ಇಳಿಸಬೇಕೆಂದು ಮಾಲೀಕರು ಒತ್ತಾಯಿಸಿದಾಗ ಬ್ರೋಕರು ಮೊದಲು ಸೇರಿಸುವ ಷರತ್ತು ಇದೇ. 3 ಲಕ್ಷದ ಪಾಲಿಸಿಗೆ ದಿನಕ್ಕೆ 3,000 ರೂಪಾಯಿಯ ರೂಮು. ಆತಂಕದಲ್ಲಿ ಮನೆಯವರು 6,000ದ ರೂಮು ತೆಗೆದುಕೊಂಡರು ಅನ್ನಿ. ಹೆಚ್ಚಾದ ಮೂರು ಸಾವಿರ ನಾವು ಕೊಟ್ಟರಾಯಿತು ಅಂದುಕೊಂಡಿರುತ್ತಾರೆ. ಹಾಗಲ್ಲ. ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆ, ಇಂಥವೂ ರೂಮಿನ ದರ್ಜೆಗೆ ತಕ್ಕಂತೆ ಏರಿರುತ್ತವೆ ಅಂತ ಕಂಪನಿ ಅವುಗಳಲ್ಲೂ ಅರ್ಧ ಕತ್ತರಿಸುತ್ತದೆ. ಔಷಧಿ, ಸ್ಟೆಂಟಿನಂಥ ಒಳಗಿಡುವ ಸಾಮಾನು, ಪರೀಕ್ಷೆಗಳಿಗೆ ಈ ಕತ್ತರಿ ಇಲ್ಲ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನಲ್ಲಿ ನಿಂತು 'ವಿಮೆ ಇದೆ ಅಂದಿದ್ರಲ್ಲ ಯಜಮಾನ್ರೇ' ಅಂತ ಫೋನ್ ಮಾಡುವುದು ಈ ಒಂದು ಸಾಲಿನಿಂದ.

ಇನ್ನು ಹನ್ನೊಂದು ಜನರ ಇಎಸ್‌ಐ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮಾಲೀಕರು ಅತಿ ಹೆಚ್ಚು ಗೊಣಗುವುದೂ ಅತಿ ಕಡಿಮೆ ಅರ್ಥ ಮಾಡಿಕೊಂಡಿರುವುದೂ ಇದನ್ನೇ.

ಇಎಸ್‌ಐ ಕಾಯ್ದೆ 1948ರದ್ದು. ಪ್ರೊಫೆಸರ್ ಬಿ.ಪಿ. ಅದಾರ್ಕರ್ 1944ರಲ್ಲಿ ಕೊಟ್ಟ ವರದಿ ಅದರ ಬೇರು. 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಯಲ್ಲಿ ಮೊದಲು ಶುರುವಾಯಿತು. 10 ಅಥವಾ ಹೆಚ್ಚು ಜನರಿರುವ ಕಡೆ, ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಅನ್ವಯ. 2019ರ ಜುಲೈಗೆ ಮುಂಚೆ ಮಾಲೀಕರ ವಂತಿಗೆ ಶೇ. 4.75, ಕೆಲಸಗಾರರದು 1.75 ಇತ್ತು. ಆಮೇಲೆ 3.25, 0.75ಕ್ಕೆ ಇಳಿಯಿತು. 18,000 ಸಂಬಳದವನಿಗೆ ಮಾಲೀಕರ ಕೈಯಿಂದ 585, ಅವನ ಸಂಬಳದಿಂದ 135. ನಮ್ಮ ಶೆಡ್ಡಿನ ಹನ್ನೊಂದು ಜನರ ಸರಾಸರಿ ಸಂಬಳ 16,000. ಮಾಲೀಕರ ಪಾಲು ತಿಂಗಳಿಗೆ 5,720, ವರ್ಷಕ್ಕೆ 68,640. ಹನ್ನೊಂದು ಕುಟುಂಬಗಳಿಗೆ.

ಈ ದುಡ್ಡಿಗೆ ಏನೇನು ಬರುತ್ತದೆ? ಹೆಂಡತಿ, ಮಕ್ಕಳು, ಆಶ್ರಯದಲ್ಲಿರುವ ಅಪ್ಪ ಅಮ್ಮ ಎಲ್ಲರಿಗೂ ಚಿಕಿತ್ಸೆ. 3 ಲಕ್ಷ, 5 ಲಕ್ಷ ಅನ್ನುವ ಮಿತಿ ಇಲ್ಲ. ಜ್ವರದ ಮಾತ್ರೆಯಿಂದ ಶುರು, ಮತ್ತು ಇದು ದೊಡ್ಡ ಮಾತು: ಕೆಲಸಗಾರನ ಮನೆಯಲ್ಲಿ ತಿಂಗಳು ತಿಂಗಳು ಜೇಬು ಸೋರುವುದು ಬಿಪಿ, ಶುಗರ್ ಮಾತ್ರೆಗೆ, ಮಗುವಿನ ಕೆಮ್ಮಿಗೆ. ಖಾಸಗಿ ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಬಾಯಿ ಬಿಡುತ್ತದೆ. ಹುಷಾರಿಲ್ಲದೆ ರಜೆ ಹಾಕಿದರೆ ಇಎಸ್‌ಐನವರು ಸಂಬಳದ ಶೇ. 70ರಷ್ಟನ್ನು ವರ್ಷಕ್ಕೆ 91 ದಿನದವರೆಗೆ ಕೊಡುತ್ತಾರೆ. ಕ್ಷಯ, ಕ್ಯಾನ್ಸರಿನಂಥ 34 ದೀರ್ಘ ಕಾಯಿಲೆಗಳಿಗೆ ಶೇ. 80, ಎರಡು ವರ್ಷದವರೆಗೆ. ಹೆರಿಗೆಗೆ 26 ವಾರ ಪೂರ್ತಿ ಸಂಬಳ. ಪ್ರೆಸ್ಸಿನಲ್ಲಿ ಬೆರಳು ಹೋದರೆ ಜೀವನಪೂರ್ತಿ ಪಿಂಚಣಿ. ವಯಸ್ಸಾಗಿ ನಿವೃತ್ತರಾದವರು, ಐದು ವರ್ಷ ವಿಮೆಯಲ್ಲಿ ಇದ್ದವರಾದರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ತಿಂಗಳಿಗಲ್ಲ, ವರ್ಷಕ್ಕೆ. ಖಾಸಗಿ ಮಾರುಕಟ್ಟೆಯಲ್ಲಿ ಇಷ್ಟನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡುವವರು ಯಾರೂ ಇಲ್ಲ. ಅಗ್ಗ ಯಾಕೆ ಅಂದರೆ, ಚೀಟಿಯಲ್ಲಿ ದೇಶವೇ ಇದೆ.

ಹೀಗಿದ್ದೂ ಹಾಜರಿ ಪುಸ್ತಕದಲ್ಲಿ ಒಂಬತ್ತಕ್ಕೆ ನಿಲ್ಲುವ ಅಂಗಡಿಗಳು ಊರು ತುಂಬ ಇವೆ. ಹೋಟೆಲಿನ ಹಿಂಭಾಗದಲ್ಲಿ ಹದಿನಾಲ್ಕು ಜನ ಊಟಕ್ಕೆ ಕೂರುತ್ತಾರೆ, ಪುಸ್ತಕದಲ್ಲಿ ಒಂಬತ್ತು ಹೆಸರು. ಉಳಿದವರು 'ದಿನಗೂಲಿ', 'ಊರಿನಿಂದ ಬಂದ ನೆಂಟ'. ಹಾಗೆ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ನೀವು ಉಳಿಸುತ್ತಿರುವುದು ವಂತಿಗೆಯನ್ನು, ಹೊತ್ತುಕೊಳ್ಳುತ್ತಿರುವುದು ಅಪಘಾತವನ್ನು. ಇಎಸ್‌ಐ ಇರುವ ಕೆಲಸಗಾರನಿಗೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ಇಎಸ್‌ಐ ನಿಗಮದ್ದು. ಇಲ್ಲದಿದ್ದರೆ ಮಾಲೀಕನದೇ. 1923ರ ಪರಿಹಾರ ಕಾಯ್ದೆಯ ಕಾಲದಿಂದಲೂ ಹಾಗೇ, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಹಾಗೇ. 10 ಜನರಿರುವ ಕಡೆ ಹೆರಿಗೆ ರಜೆಯ 26 ವಾರದ ಸಂಬಳವೂ, ಇಎಸ್‌ಐ ಇಲ್ಲದಿದ್ದರೆ, ಮಾಲೀಕನ ಗಲ್ಲಾಪೆಟ್ಟಿಗೆಯಿಂದಲೇ. ಅಗರಬತ್ತಿ, ಗಾರ್ಮೆಂಟ್ಸ್‌ನಂಥ ಹೆಂಗಸರೇ ಹೆಚ್ಚಿರುವ ಕಡೆ ಈ ಒಂದು ಬಾಬತ್ತೇ ವಂತಿಗೆಯನ್ನು ನುಂಗಿ ನೀರು ಕುಡಿಯುತ್ತದೆ.

ಮಾಲೀಕರ ಭಯಕ್ಕೂ ಒಂದು ಕಾರಣ ಇದೆ. ಒಮ್ಮೆ ಇಎಸ್‌ಐ ಒಳಗೆ ಬಂದ ಸಂಸ್ಥೆ, ಆಮೇಲೆ ಜನ ಹತ್ತಕ್ಕಿಂತ ಕಡಿಮೆಯಾದರೂ, ಒಳಗೇ ಇರಬೇಕು. ಮದ್ದೂರಿನ ಕಡೆಯ ಹೋಟೆಲಿನವರಿಗೆ ಇದು ಚೆನ್ನಾಗಿ ಗೊತ್ತು. ಅವರಿಗೆ ಬೈಪಾಸ್ ಅಂದರೆ ಎದೆಯದ್ದಲ್ಲ, ರಸ್ತೆಯದ್ದು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ವಡೆ ತಿನ್ನಲು ನಿಲ್ಲುತ್ತಿದ್ದ ಕಾರುಗಳು ಊರಾಚೆಯಿಂದಲೇ ಹೋದವು. ನನಗೆ ಪರಿಚಯದ ಒಂದು ಹೋಟೆಲಿನಲ್ಲಿ ಹದಿನಾಲ್ಕು ಇದ್ದವರು ಎಂಟಾದರು. ವಂತಿಗೆ ಕಟ್ಟುವುದು ನಿಲ್ಲಲಿಲ್ಲ, ತಿಂಗಳ 15ನೇ ತಾರೀಖು ತಪ್ಪಿದರೆ ವರ್ಷಕ್ಕೆ ಶೇ. 12ರ ಬಡ್ಡಿ ಬೇರೆ. ಅವರು ಕಟ್ಟುತ್ತಲೇ ಇದ್ದಾರೆ. ಆ ಎಂಟು ಜನರಿಗೆ ಒಳ್ಳೆಯದೇ ಆಯಿತು ಅನ್ನಿ.

ಕೆಲಸಗಾರರಿಗಾದರೂ ಇಎಸ್‌ಐ ಇಷ್ಟವೇ? ಅಲ್ಲೂ ತೊಡಕಿದೆ. 'ನನ್ನೆಸ್ರು ಅದ್ರಲ್ಲಿ ಹಾಕ್ಬ್ಯಾಡಿ ಸಾ, ಏನ್ ಕೊಡ್ತಿರೋ ಕೈಗೇ ಕೊಟ್ಬುಡಿ' ಅನ್ನುವವರನ್ನು ನಾನು ತುಂಬ ನೋಡಿದ್ದೇನೆ. ಒಂದು ಕಾರಣ ಡಿಸ್ಪೆನ್ಸರಿ. ಅರ್ಧ ದಿನದ ಕೂಲಿ ಬಿಟ್ಟು ಹೋಗಿ ಸಾಲಿನಲ್ಲಿ ನಿಂತು, ಬರೆದುಕೊಟ್ಟ ಮೂರು ಮಾತ್ರೆಯಲ್ಲಿ ಒಂದು 'ಸ್ಟಾಕ್ ಇಲ್ಲ' ಅನ್ನಿಸಿಕೊಂಡು ಬಂದವನಿಗೆ ಮಿತಿಯಿಲ್ಲದ ಚಿಕಿತ್ಸೆಯ ಕತೆ ಹೇಳಿದರೆ ನಗುತ್ತಾನೆ. ಮೈಸೂರಿನಲ್ಲಾದರೆ ಕೆ.ಆರ್.ಎಸ್. ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ, ಅಲ್ಲಿಂದ ರೆಫರಲ್ ಬರೆಸಿಕೊಂಡು, ಇಎಸ್‌ಐ ಜೊತೆ ಒಪ್ಪಂದ ಇರುವ ಟೈ-ಅಪ್ ಆಸ್ಪತ್ರೆಗೆ ಹೋಗಬಹುದು. ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವನಿಗೆ ಆ ಓಡಾಟವೇ ಇನ್ನೊಂದು ಕಾಯಿಲೆ.

ಇನ್ನೊಂದು ಕಾರಣವನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ: ಬಿಪಿಎಲ್ ಕಾರ್ಡು. ಕರ್ನಾಟಕದಲ್ಲಿ ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ತಿಂಗಳಿಗೆ 10,000 ಅಂತಾಯಿತು. ಕನಿಷ್ಠ ವೇತನವನ್ನು ಕಾನೂನಿನ ಪ್ರಕಾರ ಕೊಟ್ಟು ಇಎಸ್‌ಐ ದಾಖಲೆಯಲ್ಲಿ ತೋರಿಸಿದ ಕೂಡಲೇ ಅವನು ಆ ಗೆರೆಯ ಆಚೆಗೆ ಬಂದ. ಕಾರ್ಡು ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಲೆಕ್ಕ ಹಾಕಿ ನೋಡಿದರೆ ಅವನ ಹಿಂಜರಿಕೆ ದಡ್ಡತನವಲ್ಲ. ಇವತ್ತಿರುವ ಕೆಲಸ ಆರು ತಿಂಗಳಿಗೆ ಬಿಟ್ಟುಹೋಗಬಹುದು, ಅದರ ಜೊತೆಗೆ ಇಎಸ್‌ಐ ಕೂಡ. ಕಾರ್ಡು ಮನೆಯಲ್ಲಿರುತ್ತದೆ. ಮಾಲೀಕ ಒಂಬತ್ತಕ್ಕೆ ನಿಲ್ಲಿಸುವುದರಲ್ಲಿ ಕೆಲಸಗಾರನ ಒಪ್ಪಿಗೆಯೂ ಇರುತ್ತದೆ ಅನ್ನುವುದು ಇನ್‌ಸ್ಪೆಕ್ಟರುಗಳ ವರದಿಯಲ್ಲಿ ಬರುವ ವಿಷಯವಲ್ಲ.

ಈಗ 21,000ದ ಗೆರೆ. 2017ರ ಜನವರಿಯಲ್ಲಿ 15,000ದಿಂದ ಅಲ್ಲಿಗೆ ಏರಿಸಿದ್ದು. ಆಗ ಅಷ್ಟು ಸಂಬಳದ ಲೇತ್ ಆಪರೇಟರು ಸಣ್ಣ ಶೆಡ್ಡಿನಲ್ಲಿ ವಿರಳ. ಈಗ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮೆಷಿನ್) ಗೊತ್ತಿರುವ ಹುಡುಗ, ಹೋಟೆಲಿನ ಮುಖ್ಯ ಭಟ್ಟರು, ಟ್ಯಾಲಿ ಬಲ್ಲ ಲೆಕ್ಕದವರು, ಎಲ್ಲರೂ ಅಲ್ಲಿಗೆ ಬಂದು ನಿಂತಿದ್ದಾರೆ. 20,500 ಇದ್ದವನಿಗೆ 1,500 ಜಾಸ್ತಿ ಮಾಡಿದರೆ ಕೈಗೆ ಬರುವುದು ತಿಂಗಳಿಗೆ ಒಂದೂವರೆ ಸಾವಿರ, ಕೈಬಿಡುವುದು ಇಡೀ ಮನೆಯ ಚಿಕಿತ್ಸೆ. 'ನಂಗೆ ಇನ್‌ಕ್ರಿಮೆಂಟ್ ಬ್ಯಾಡ, ಬೇರೆ ಯಾವ್ದಾದ್ರೂ ರೀತೀಲಿ ಕೊಡಿ' ಅಂತ ಕೇಳುವ ಕೆಲಸಗಾರ ಬೇರೆ ಯಾವ ಕಾನೂನಿನ ಕೆಳಗೆ ಸಿಗುತ್ತಾನೋ ನನಗೆ ಗೊತ್ತಿಲ್ಲ.

ಪಿಎಫ್ ಜೊತೆ ಹೋಲಿಸಿ ನೋಡಿ. ಅದಕ್ಕೂ 15,000ದ ಮಿತಿ ಇದೆ. ಆದರೆ ಒಮ್ಮೆ ಸದಸ್ಯನಾದವನು ಸಂಬಳ ಮಿತಿ ದಾಟಿದರೂ ಸದಸ್ಯನೇ. ವಂತಿಗೆಯನ್ನು 15,000ದ ಮೇಲೆ ಲೆಕ್ಕ ಹಾಕಿ ಕಟ್ಟಿದರೆ ಸಾಕು. ಇಎಸ್‌ಐಯಲ್ಲೂ ಹಾಗೇ ಮಾಡಬಾರದೇಕೆ? ಸಂಬಳ 25,000 ಆಗಲಿ, 30,000 ಆಗಲಿ, 21,000ದ ಮೇಲಿನ ವಂತಿಗೆ ಕಟ್ಟಿ ಮುಂದುವರಿಯಲಿ. ಮಾಲೀಕರ ಪಾಲು ತಿಂಗಳಿಗೆ 682 ರೂಪಾಯಿ 50 ಪೈಸೆ, ವರ್ಷಕ್ಕೆ 8,190. ಮೇಲೆ ಹೇಳಿದ ಶೆಡ್ಡಿನ ಹೊಸ ಕೊಟೇಶನ್ನನ್ನು ಎಂಟರಿಂದ ಭಾಗಿಸಿ: ತಲಾ 22,125. ಎರಡೂ ಅಂಕಿ ಒಂದೇ ಶೆಡ್ಡಿನವು, ಅಕ್ಕಪಕ್ಕ ನಿಂತು ಕೆಲಸ ಮಾಡುವವರವು. ಮಿತಿಯನ್ನು 25,000ಕ್ಕೋ 30,000ಕ್ಕೋ ಏರಿಸಿ ಅನ್ನುವ ಬೇಡಿಕೆ ಎಲ್ಲರ ಬಾಯಲ್ಲೂ ಇದೆ. ಏರಿಸಿದರೆ ಒಳ್ಳೆಯದೇ. ಆದರೆ ಗೆರೆ ನಾಲ್ಕು ಹೆಜ್ಜೆ ಮುಂದೆ ಹೋಗುತ್ತದೆ ಅಷ್ಟೇ, ಗೆರೆ ದಾಟಿದ ಕೂಡಲೇ ಬಾಗಿಲು ಹಾಕುವ ಪದ್ಧತಿ ಹೋಗುವುದಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 10ರ ಗೆರೆ ಹಾಗೇ ಇದೆ. ಆದರೆ 10ಕ್ಕಿಂತ ಕಡಿಮೆ ಜನರಿರುವ ಕಡೆಯೂ ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ತಾವಾಗಿ ಇಎಸ್‌ಐ ಸೇರಬಹುದು. ಅಪಾಯಕಾರಿ ಅಂತ ಸರ್ಕಾರ ಗುರುತಿಸಿದ ಕೆಲಸವಾದರೆ ಒಬ್ಬನಿದ್ದರೂ ಅನ್ವಯಿಸಬಹುದು. ದೇವರಾಜ ಅರಸು ರಸ್ತೆಯ ಐದಾರು ಜನರ ಬಟ್ಟೆ ಅಂಗಡಿಗೂ, ಮೂರು ಜನರ ಮೊಬೈಲ್ ರಿಪೇರಿ ಅಂಗಡಿಗೂ ಈ ಬಾಗಿಲು ಈಗ ತೆರೆದಿದೆ ಅಂತ ಅರ್ಥ. ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ್ದು ವೇತನಕ್ಕೇ ಸೇರುತ್ತದೆ ಅನ್ನುವ ಹೊಸ ನಿಯಮದ ಬಗ್ಗೆ ದೊಡ್ಡ ಕಂಪನಿಗಳಲ್ಲಿ ತುಂಬ ತಲೆಬಿಸಿ ಇದೆ. ನಮ್ಮ ಸಣ್ಣ ಘಟಕಗಳಲ್ಲಿ ಸಂಬಳ ಇಡಿಗಂಟು, ಭತ್ಯೆ ಅಂತ ಬಿಡಿಸಿ ಬರೆದವರೇ ಕಡಿಮೆ.

ಮಂಡ್ಯದ ಕಡೆ ಹೋದರೆ ಚಿತ್ರವೇ ಬೇರೆ. ಆಲೆಮನೆಯಲ್ಲಿ, ಅಕ್ಕಿ ಗಿರಣಿಯಲ್ಲಿ ಇಎಸ್‌ಐ ಅಂದರೆ 'ಅದು ಫ್ಯಾಕ್ಟ್ರಿಯೋರ್ದು' ಅನ್ನುತ್ತಾರೆ. ಕಬ್ಬು ಅರೆಯುವ ಗಾಣಕ್ಕೆ ಕೈ ಸಿಕ್ಕಿದರೆ, ಕುದಿಯುವ ಕೊಪ್ಪರಿಗೆಯ ಪಾಕ ಮೈಮೇಲೆ ಬಿದ್ದರೆ ಏನು ಗತಿ ಅಂತ ಕೇಳಿದರೆ ಆಲೆಮನೆ ಯಜಮಾನರು ಮೇಲೆ ನೋಡುತ್ತಾರೆ. ಆದರೆ ಅಲ್ಲಿ ಸಂಬಳದ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಚೀಟಿ ಇದೆ, ಯಶಸ್ವಿನಿ. 2003ರಲ್ಲಿ ಸಹಕಾರ ಇಲಾಖೆಯಿಂದ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿ, ರೈತರು ಬಿಡದೆ ಕೇಳಿದ ಮೇಲೆ 2022ರ ಕೊನೆಯಲ್ಲಿ ಮತ್ತೆ ಬಂತು. ಹಳ್ಳಿಯ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ 5 ಲಕ್ಷದವರೆಗೆ ಕವರ್.

ಮಂಡ್ಯ ಜಿಲ್ಲೆಯಲ್ಲಿ ಡೈರಿ, ಅಂದರೆ ಹಾಲಿನ ಸಹಕಾರ ಸಂಘ, ಇಲ್ಲದ ಊರು ಹುಡುಕುವುದು ಕಷ್ಟ. ಗಿರಣಿಯಲ್ಲಿ ಮೂಟೆ ಹೊರುವವನಿಗೆ ಮಾಲೀಕ ಏನೂ ಮಾಡಿಸಿರುವುದಿಲ್ಲ. ಅವನ ಹೆಂಡತಿ ಬೆಳಿಗ್ಗೆ ಐದು ಗಂಟೆಗೆ ಕ್ಯಾನು ಹಿಡಿದು ಡೈರಿಗೆ ಹಾಲು ಹಾಕುತ್ತಾಳೆ. ಅವಳ ಹಾಲಿನ ದುಡ್ಡಿನಲ್ಲಿ ಐನೂರು ಹಿಡಿದುಕೊಂಡು ಕಾರ್ಯದರ್ಶಿ ಯಶಸ್ವಿನಿ ಮಾಡಿಸಿರುತ್ತಾನೆ. ಗಂಡನಿಗೆ ಹರ್ನಿಯ ಆಪರೇಷನ್ ಆದದ್ದು ಹಸುವಿನಿಂದ. ಮೂರು ನೂರು ಕಿಲೋಮೀಟರ್ ದೂರದ ವಿಮಾ ಕಂಪನಿಗೆ ಆಗದ ಕೆಲಸ ಡೈರಿಗೆ ಯಾಕೆ ಸಾಧ್ಯವಾಯಿತು? ಎಲ್ಲರನ್ನೂ ಬಲ್ಲ ಒಬ್ಬ ಕಾರ್ಯದರ್ಶಿ, ಹದಿನೈದು ದಿನಕ್ಕೊಮ್ಮೆ ಕೈಬದಲಾಗುವ ದುಡ್ಡು, ಊರೆಲ್ಲ ಒಂದೇ ಪುಸ್ತಕದಲ್ಲಿ. ಬೆನ್ನ ಹಿಂದೆ ಸರ್ಕಾರದ ಹಣವೂ ಇದೆ, ಅದನ್ನು ಮರೆತು ಹೊಗಳುವುದು ಬೇಡ. ಜ್ವರದ ಮಾತ್ರೆ ಇದರಲ್ಲಿ ಬರುವುದಿಲ್ಲ, ನೋಂದಣಿಯ ಅವಧಿ ತಪ್ಪಿದರೆ ಒಂದು ವರ್ಷ ಕಾಯಬೇಕು ಅನ್ನುವುದನ್ನೂ.

ಇದನ್ನು ನೋಡಿದಾಗೆಲ್ಲ ನಮ್ಮ ಊರಿನ ಮಾಲೀಕರ ಸಂಘಗಳ ನೆನಪಾಗುತ್ತದೆ. ಹೋಟೆಲಿನವರ ಸಂಘ, ಮುದ್ರಣಾಲಯದವರ ಸಂಘ, ಸಣ್ಣ ಕೈಗಾರಿಕೆಗಳ ಸಂಘ, ಯಾವುದಕ್ಕೂ ಕೊರತೆಯಿಲ್ಲ. ವಿಮೆಗೆಂದೇ ಕಟ್ಟಿಕೊಂಡ ಗುಂಪಾಗಿರದೆ, ಬೇರೆ ನಿಜವಾದ ಸಂಬಂಧ ಇರುವ ಸಂಘವಾದರೆ ಗ್ರೂಪ್ ಪಾಲಿಸಿ ತೆಗೆದುಕೊಳ್ಳಲು ನಿಯಮದಲ್ಲಿ ಅಡ್ಡಿಯಿಲ್ಲ. ನೂರು ಹೋಟೆಲು, ತಲಾ ಎಂಟು ಜನ, ಎಂಟುನೂರು ಜನರ ಚೀಟಿ. ಆಗ ಒಂದು ಬೈಪಾಸಿಗೆ ಯಾರೂ ಹೆದರಬೇಕಿಲ್ಲ. ಒಂದು ಸಂಘದ ಸಭೆಯಲ್ಲಿ ಈ ಮಾತು ಎತ್ತಿಯೂ ನೋಡಿದ್ದೇನೆ. ಕಾಫಿ ಬರುವವರೆಗೆ ಎಲ್ಲರೂ ತಲೆಯಾಡಿಸಿದರು. ಆಮೇಲೆ ಹೆಸರು ಕೊಟ್ಟವರು ಒಂಬತ್ತು ಜನ. ವಿಚಾರಿಸಿದರೆ ಅವರಲ್ಲಿ ಏಳು ಜನರ ಕಡೆ ಆಗಲೇ ಯಾರಿಗೋ ಆಪರೇಷನ್ ಆಗಬೇಕಿತ್ತು. ಹುಡುಗರನ್ನೇ ಇಟ್ಟುಕೊಂಡಿರುವ ಹೋಟೆಲಿನವರು 'ನಮ್ಮೋರ್ಗೆ ಏನಾಗಿದೆ' ಅಂದರು. ಕಾಯಿಲೆ ಇರುವವರೇ ಸೇರುವ ಚೀಟಿ ಮೊದಲ ವರ್ಷವೇ ಮುಳುಗುತ್ತದೆ ಅಂತ ಕಂಪನಿಗೂ ಗೊತ್ತು. ಸಂಘದ ಸದಸ್ಯತ್ವದ ಜೊತೆಗೇ ಕಡ್ಡಾಯ ಮಾಡಿದರೆ ಮಾತ್ರ ಇದು ನಿಲ್ಲುತ್ತದೆ. ಕಡ್ಡಾಯ ಅಂದರೆ ಸಂಘದ ಸದಸ್ಯತ್ವವೇ ಬೇಡ ಅನ್ನುವವರು ಎಷ್ಟು ಜನ ಅಂತ ಅಧ್ಯಕ್ಷರು ನನ್ನನ್ನೇ ಕೇಳಿದರು. ಆದ್ದರಿಂದಲೇ ನನ್ನ ಒಲವು ಇಎಸ್‌ಐ ಕಡೆಗೆ. ಕಡ್ಡಾಯ ಮಾಡುವ ಕೈ ಅದೊಂದಕ್ಕೇ ಇರುವುದು. ಡಿಸ್ಪೆನ್ಸರಿಯಲ್ಲಿ ಮಾತ್ರೆ ಸಿಗುವ ಹಾಗೆ ಮಾಡುವುದು ಹೊಸ ಯೋಜನೆ ಕಟ್ಟುವುದಕ್ಕಿಂತ ಕಷ್ಟವೇನಲ್ಲ.

ಹೆಬ್ಬಾಳಿನ ಶೆಡ್ಡಿನಲ್ಲಿ ಕೊನೆಗೆ ಆದದ್ದು ಹೀಗೆ. 1,77,000ದ ಕೊಟೇಶನ್ ಬೇಡ ಅಂದರು. ಟರ್ನರಿಗೆ ಪಾಲಿಸಿ ಮುಗಿಯುವ ಮುಂಚೆಯೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾವಣೆ ಅರ್ಜಿ ಹಾಕಿಸಿದೆ, ಉತ್ತರ ಬರಬೇಕು. ಉಳಿದ ಐದು ಜನ ಅವರವರೇ ಫ್ಯಾಮಿಲಿ ಪಾಲಿಸಿ ಮಾಡಿಸಿಕೊಳ್ಳುತ್ತಾರೆ, ಜಿಎಸ್‌ಟಿ ಇಲ್ಲದ್ದು. ಪ್ರೀಮಿಯಂನಲ್ಲಿ ತಲಾ 10,000ದವರೆಗೆ ಮಾಲೀಕರದು.

ಆಮೇಲೆ ಸಂಬಳದ ಪಟ್ಟಿ ತೆಗೆದೆವು. ಹನ್ನೊಂದು ಜನರಲ್ಲಿ ಒಬ್ಬ ಸಿಎನ್‌ಸಿ ಹುಡುಗ, ಈಗ 20,500, ಏಪ್ರಿಲ್ 1ರಿಂದ 22,000. ಇಎಸ್‌ಐಯಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾಗುವ ದಿನವೇ 21,000 ದಾಟಿದ್ದರೆ ಅವನು ಹೊರಗೆ. ಶುರುವಾದ ಮೇಲೆ ದಾಟಿದರೆ ಆ ಅವಧಿ ಮುಗಿಯುವವರೆಗೂ ಒಳಗೆ. ಅಕ್ಟೋಬರ್–ಮಾರ್ಚ್ ವಂತಿಗೆಯ ಸೌಲಭ್ಯ ಈ ಡಿಸೆಂಬರ್‌ವರೆಗೆ. ಏಪ್ರಿಲ್–ಸೆಪ್ಟೆಂಬರ್ ವಂತಿಗೆ ಕಟ್ಟಿದರೆ ಬರುವ ವರ್ಷದ ಜೂನ್‌ವರೆಗೆ.

ಹುಡುಗನನ್ನು ಮೆಷಿನ್ನಿನಿಂದ ಕರೆಸಿದೆವು. ಏಪ್ರಿಲ್ ಒಂದರ ಬದಲು ಮೇ ಒಂದರಿಂದ ಜಾಸ್ತಿ ಮಾಡಿದರೆ ಹೇಗೆ ಅಂದೆ. 'ಒಂದ್ ತಿಂಗ್ಳುದ್ ಸಾವ್ರದೈನೂರು ಯಾಕ್ ಬುಡ್ಬೇಕು ಸಾ?' ಅಂದ. ಹೇಳಿದೆ. ಅವನ ಅಪ್ಪನಿಗೆ ಇಎಸ್‌ಐ ರೆಫರಲ್ ಮೇಲೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಎಣ್ಣೆ ಮೆತ್ತಿದ ಬೆರಳಿನಲ್ಲಿ ಜನವರಿಯಿಂದ ಜೂನ್‌ವರೆಗೆ ಗೆಣ್ಣು ಗೆಣ್ಣು ಎಣಿಸಿದ.

'ಐವತ್ತೆರಡ್ ಸರ್ತಿ ಆಯ್ತದೆ' ಅಂದ. 'ಮೇ ತಿಂಗ್ಳೇ ಬರ್ಕಳಿ ಸಾ.'

ಮಾಲೀಕರು ಪಟ್ಟಿಯಲ್ಲಿ ತಾರೀಖು ಹೊಡೆದುಹಾಕಿ ಪಕ್ಕದಲ್ಲಿ ಬರೆದರು.